ಸವೆದ ವೈಪರ್: ತೊಳೆಯಬೇಕೇ, ಅಂಚು ಕತ್ತರಿಸಬೇಕೇ, ರಬ್ಬರ್ ಮಾತ್ರ ಬದಲಿಸಬೇಕೇ, ಹೊಸ ಬ್ಲೇಡೇ ಬೇಕೇ?

ಅಕ್ಟೋಬರ್‌ನಲ್ಲಿ ಮಳೆ ಹಿಂದೆ ಸರಿದ ಮೇಲೆ ಮುಂಬೈ, ಪುಣೆ, ಗೋವಾದ ಕಾರುಗಳ ವೈಪರ್‌ಗೆ ಮುಂದಿನ ಜೂನ್‌ವರೆಗೆ ಹೆಚ್ಚು ಕೆಲಸವಿರುವುದಿಲ್ಲ. ರಬ್ಬರ್ ಹಾಳಾಗುವುದು ಮಾತ್ರ ಆ ಬಿಡುವಿನಲ್ಲೇ. ವಸತಿ ಸೊಸೈಟಿಯ ಬಯಲಲ್ಲೋ ರಸ್ತೆ ಬದಿಯಲ್ಲೋ ನಿಂತ ಕಾರಿನ ಗಾಜು ಏಪ್ರಿಲ್-ಮೇ ಬಿಸಿಲಿಗೆ ಕಾದು ಸುಡುತ್ತದೆ. ಅದಕ್ಕೆ ಒತ್ತಿಕೊಂಡು ಕೂತ ರಬ್ಬರಿನ ತೆಳು ಅಂಚು ಒಂದೇ ಕಡೆಗೆ ವಾಲಿದ ಹಾಗೆಯೇ ಗಟ್ಟಿಯಾಗುತ್ತದೆ. ನೇರಳಾತೀತ ಕಿರಣ, ಗಾಳಿಯಲ್ಲಿನ ಓಝೋನ್ ಎರಡೂ ಸೇರಿ ಅದರ ಮೈಮೇಲೆ ಸಣ್ಣ ಬಿರುಕು ಬಿಡಿಸುತ್ತವೆ. ಮೊದಲ ಮಳೆಗೆ ವೈಪರ್ ಹಾಕಿದಾಗ ಗಾಜಿನ ಮೇಲೆ ಗೆರೆ, ಮಬ್ಬು, ಗಡಗಡ ಸದ್ದು.

ಆಗ ಮುಂದಿರುವ ದಾರಿ ನಾಲ್ಕು. ಇರುವ ಬ್ಲೇಡನ್ನೂ ಗಾಜನ್ನೂ ಸ್ವಚ್ಛ ಮಾಡಿ ನೋಡುವುದು. ರಬ್ಬರಿನ ಅಂಚನ್ನು ಕತ್ತರಿಸಿಯೋ ಉಜ್ಜಿಯೋ ಹೊಸದು ಮಾಡುವುದು. ಫ್ರೇಮ್ ಉಳಿಸಿಕೊಂಡು ಒಳಗಿನ ರಬ್ಬರ್ ಮಾತ್ರ ಬದಲಿಸುವುದು. ಇಡೀ ಬ್ಲೇಡನ್ನೇ ಕೊಳ್ಳುವುದು. ನಮ್ಮ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇವೆ. ಮೊದಲನೆಯದನ್ನು ಎಲ್ಲರೂ ಮಾಡಲೇಬೇಕು, ಎಷ್ಟೋ ಸಲ ಅಷ್ಟರಲ್ಲೇ ಕೆಲಸ ಮುಗಿಯುತ್ತದೆ. ಎರಡನೆಯದನ್ನು ಮುಂದಿನ ಗಾಜಿನ ವೈಪರ್‌ಗೆ ಮಾಡಬೇಡಿ. ಲೋಹದ ಫ್ರೇಮಿನ ಬ್ಲೇಡ್ ಇದ್ದವರಿಗೆ ಮೂರನೆಯದರಷ್ಟು ಒಳ್ಳೆಯ ದಾರಿ ಇನ್ನೊಂದಿಲ್ಲ, ಅದು ಮರೆತುಹೋಗುತ್ತಿರುವುದು ಬೇಸರದ ಸಂಗತಿ. ಫ್ರೇಮೇ ಸಡಿಲವಾಗಿದ್ದರೆ, ತುಕ್ಕು ತಿಂದಿದ್ದರೆ, ಅಥವಾ ರಬ್ಬರ್ ಹೊರಗೆ ಬರದಂಥ ಬ್ಲೇಡಾಗಿದ್ದರೆ ನಾಲ್ಕನೆಯದು.

ಈ ತೀರ್ಮಾನದ ಹಿಂದಿನ ಕಾರಣ ರಬ್ಬರಿನ ಆಕಾರದಲ್ಲಿದೆ. ವೈಪರ್ ರಬ್ಬರ್ ಗಾಜಿನ ಮೇಲೆ ನೆಟ್ಟಗೆ ನಿಂತು ಉಜ್ಜುವುದಿಲ್ಲ. ಮೇಲೆ ದಪ್ಪ ಭಾಗ, ನಡುವೆ ಸಣ್ಣ ಕುತ್ತಿಗೆ, ಕೆಳಗೆ ಒಂದು ಮಿ.ಮೀ.ಗಿಂತ ತೆಳುವಾದ ಅಂಚು. ಬ್ಲೇಡ್ ಬಲಕ್ಕೆ ಹೋಗುವಾಗ ಅಂಚು ಎಡಕ್ಕೆ ವಾಲಿರುತ್ತದೆ. ತಿರುಗಿ ಬರುವಾಗ ಕುತ್ತಿಗೆಯ ಬಳಿ ಮಗುಚಿ ಬಲಕ್ಕೆ ವಾಲುತ್ತದೆ. ನೀರನ್ನು ಕೆರೆದು ತೆಗೆಯುವುದು ಆ ಅಂಚಿನ ಒಂದು ಚೂಪು ಮೂಲೆ ಮಾತ್ರ. ಮೂಲೆ ದುಂಡಗಾದರೆ ನೀರು ಅಡಿಯಿಂದ ನುಸುಳುತ್ತದೆ. ಕುತ್ತಿಗೆ ಗಟ್ಟಿಯಾದರೆ ಅಂಚು ಮಗುಚುವುದಿಲ್ಲ, ಜಿಗಿಯುತ್ತದೆ. ಕೊಳೆ ಕೂತಿದ್ದರೆ ತೊಳೆಯಬಹುದು, ಮೂಲೆ ಸವೆದಿದ್ದರೆ ಕತ್ತರಿಸಬಹುದು. ಕುತ್ತಿಗೆಯ ಗಟ್ಟಿತನವನ್ನು ಮಾತ್ರ ಯಾವ ಎಣ್ಣೆಯೂ ಯಾವ ಕತ್ತರಿಯೂ ತೆಗೆಯಲಾರದು.

ಗಾಜಿನ ಮೇಲಿನ ಗುರುತು ಓದಿಕೊಳ್ಳಿ

ಅಂಗಡಿಗೆ ಹೋಗುವ ಮುಂಚೆ ಒಂದು ಪರೀಕ್ಷೆ. ಗಾಜಿಗೆ ಬಕೆಟ್ಟಿನಿಂದಲೋ ಪೈಪಿನಿಂದಲೋ ಧಾರಾಳವಾಗಿ ನೀರು ಬಿಡುತ್ತಾ, ವೈಪರನ್ನು ನಿಧಾನದ ವೇಗದಲ್ಲಿ ಓಡಿಸಿ, ಚಾಲಕನ ಸೀಟಿನಲ್ಲಿ ಕೂತು ನೋಡಿ. ಒಣ ಗಾಜಿನ ಮೇಲೆ ಓಡಿಸಬೇಡಿ. ಸವೆತ ಹೆಚ್ಚುವುದು ಅದರಿಂದಲೇ.

ಒಂದೇ ಜಾಗದಲ್ಲಿ ಕಮಾನಿನ ಹಾಗೆ ಒಂದೆರಡು ತೆಳು ಗೆರೆ ಉಳಿದರೆ, ಆ ಜಾಗದ ರಬ್ಬರಿಗೆ ಮರಳಿನ ಕಣವೋ ಎಲೆಯ ಚೂರೋ ಅಂಟಿದೆ, ಇಲ್ಲವೇ ಅಂಚಿನಲ್ಲಿ ಸಣ್ಣ ಕಚ್ಚು ಬಿದ್ದಿದೆ. ಬೆರಳಿಗೆ ಒದ್ದೆ ಬಟ್ಟೆ ಸುತ್ತಿ ಅಂಚಿನುದ್ದಕ್ಕೂ ಎಳೆದು ಮತ್ತೆ ನೋಡಿ. ಗೆರೆ ಹೋದರೆ ಕೊಳೆ, ಹೋಗದಿದ್ದರೆ ಕಚ್ಚು.

ಎರಡು-ಮೂರು ಇಂಚು ಅಗಲದ ಪಟ್ಟಿಯಷ್ಟು ಜಾಗ ಒರೆಸದೇ ಉಳಿದರೆ ತಪ್ಪು ರಬ್ಬರಿನದಲ್ಲ. ಅಲ್ಲಿ ಬ್ಲೇಡ್ ಗಾಜಿಗೆ ತಾಗುತ್ತಲೇ ಇಲ್ಲ. ಫ್ರೇಮ್ ಬಾಗಿರಬೇಕು, ಒಳಗಿನ ಸ್ಟೀಲ್ ಪಟ್ಟಿ ಸೊಟ್ಟಗಾಗಿರಬೇಕು, ಅಥವಾ ಬ್ಲೇಡನ್ನು ಹಿಡಿದಿರುವ ಲೋಹದ ತೋಳಿನ, ಅಂದರೆ ಆರ್ಮ್‌ನ ಸ್ಪ್ರಿಂಗ್ ಸೋತಿರಬೇಕು. ಸ್ಪ್ರಿಂಗನ್ನು ಲಗೇಜ್ ತೂಗುವ ಕೈ ತಕ್ಕಡಿಯಿಂದ ಅಳೆಯಬಹುದು: ಬ್ಲೇಡ್ ಮತ್ತು ಆರ್ಮ್ ಸೇರುವ ಜಾಗಕ್ಕೆ ತಕ್ಕಡಿಯ ಕೊಕ್ಕೆ ಸಿಕ್ಕಿಸಿ, ಗಾಜಿಗೆ ಲಂಬವಾಗಿ ಎತ್ತಿ, ರಬ್ಬರ್ ಗಾಜು ಬಿಡುವ ಕ್ಷಣದ ತೂಕ ನೋಡಿ. ಬ್ಲೇಡಿನ ಒಂದು ಸೆಂಟಿಮೀಟರ್ ಉದ್ದಕ್ಕೆ ಸುಮಾರು 15 ಗ್ರಾಂ ಎಂಬುದು ಅಂದಾಜು ಲೆಕ್ಕ. 21 ಇಂಚಿನ, ಅಂದರೆ 53 ಸೆಂ.ಮೀ. ಬ್ಲೇಡಿಗೆ 800 ಗ್ರಾಂ ಹತ್ತಿರ ಬರಬೇಕು. ಅದರ ಅರ್ಧ ತೋರಿಸಿದರೆ ಎಷ್ಟು ದುಬಾರಿ ಬ್ಲೇಡ್ ಹಾಕಿದರೂ ಅಷ್ಟೇ, ಆರ್ಮ್ ಬದಲಿಸಿ.

ಗಡಗಡ ಜಿಗಿಯುತ್ತಾ ಹೋದರೆ ಯಾವ ದಿಕ್ಕಿನಲ್ಲಿ ಎಂದು ಗಮನಿಸಿ. ಎರಡೂ ದಿಕ್ಕಿನಲ್ಲಾದರೆ ಗಾಜಿನ ಮೇಲೆ ಪಾಲಿಶ್, ಮೇಣ ಅಥವಾ ಮಳೆನೀರು ಜಾರಿಸುವ ಲೇಪನ ಕೂತಿದೆ. ಒಂದೇ ದಿಕ್ಕಿನಲ್ಲಾದರೆ ರಬ್ಬರ್ ಒಂದು ಕಡೆಗೆ ವಾಲಿ ಗಟ್ಟಿಯಾಗಿದೆ, ಇಲ್ಲವೇ ಆರ್ಮ್ ಸ್ವಲ್ಪ ತಿರುಚಿದೆ. ಆರ್ಮ್ ತಿರುಚಿದ್ದರೆ ಬ್ಲೇಡ್ ಗಾಜಿಗೆ ಲಂಬವಾಗಿ ಕೂರುವುದಿಲ್ಲ. ಅನುಭವಿ ಮೆಕ್ಯಾನಿಕ್ ಎರಡು ಸ್ಪ್ಯಾನರ್ ಹಿಡಿದು ಒಂದೆರಡು ಡಿಗ್ರಿಯಷ್ಟು ತಿರುಗಿಸಿ ಸರಿ ಮಾಡುತ್ತಾರೆ. ಕೈ ಪಳಗದವರು ಮಾಡಿದರೆ ಆರ್ಮ್‌ನ ಬಣ್ಣ ಹೋಗುತ್ತದೆ, ಬ್ಲೇಡನ್ನು ಆರ್ಮಿಗೆ ಜೋಡಿಸುವ ಪ್ಲಾಸ್ಟಿಕ್ ಅಡಾಪ್ಟರ್ ಮುರಿಯುತ್ತದೆ.

ಇನ್ನು ಮಬ್ಬು. ಕೊಂಕಣದ ತೇವದಲ್ಲಿ ವೈಪರ್ ಮೇಲೆ ಸುಮ್ಮನೆ ಆರೋಪ ಬರುವುದು ಇಲ್ಲೇ. ವೈಪರ್ ಒಮ್ಮೆ ಹೋದಾಗ ಗಾಜು ತಿಳಿಯಾಗಿ, ಕೆಲವೇ ಸೆಕೆಂಡುಗಳಲ್ಲಿ ಮತ್ತೆ ಮಂಜು ಕಟ್ಟಿದರೆ ಅದು ಹೊರಗಿನ ಗಾಜಿನ ಮೇಲೆ ಸಾಂದ್ರವಾದ ಹಬೆ. ಎ.ಸಿ.ಯ ತಣ್ಣನೆ ಗಾಳಿ ಒಳಗಿನಿಂದ ಗಾಜಿಗೆ ಹೊಡೆಯುತ್ತಿರುತ್ತದೆ, ಹೊರಗಿನ ಒದ್ದೆ ಗಾಳಿ ಆ ತಣ್ಣನೆ ಗಾಜಿಗೆ ತಾಗಿ ನೀರಾಗುತ್ತದೆ. ಗಾಳಿಯನ್ನು ಗಾಜಿನಿಂದ ತಿರುಗಿಸಿ, ತಾಪಮಾನ ಎರಡು-ಮೂರು ಡಿಗ್ರಿ ಏರಿಸಿದರೆ ಹೋಗುತ್ತದೆ. ಎದುರಿನ ವಾಹನದ ಲೈಟ್ ಬಿದ್ದಾಗ ಮಾತ್ರ ಎಣ್ಣೆ ಸವರಿದಂತೆ ಹೊಳೆದರೆ ಅದು ಜಿಡ್ಡು: ಹೊರಗಡೆ ಡೀಸೆಲ್ ಹೊಗೆಯದ್ದು, ಒಳಗಡೆ ಡ್ಯಾಶ್‌ಬೋರ್ಡಿನ ಪ್ಲಾಸ್ಟಿಕ್ ಬಿಸಿಲಿಗೆ ಬಿಟ್ಟ ಆವಿಯದ್ದು. ಒಳಗಡೆಯ ಗಾಜನ್ನು ಬೆರಳಿನಿಂದ ಒಂದು ಗೆರೆ ಎಳೆದು ನೋಡಿ. ಗೆರೆ ಕಂಡರೆ ಮೊದಲು ಒಳಗಡೆ ಒರೆಸಿ.

ತೊಳೆಯುವುದು

ಬೇಕಾದದ್ದು ಇಷ್ಟು: ಒಂದು ಲೀಟರ್ ನೀರಿಗೆ ಅರ್ಧ ಚಮಚ ಪಾತ್ರೆ ತೊಳೆಯುವ ದ್ರವ, ಎರಡು ಮೈಕ್ರೋಫೈಬರ್ ಬಟ್ಟೆ, ಮೆಡಿಕಲ್ ಅಂಗಡಿಯಲ್ಲಿ ಸಿಗುವ 70 ಶೇಕಡಾ ಐಸೊಪ್ರೊಪೈಲ್ ಆಲ್ಕೋಹಾಲ್ ಒಂದು ಸಣ್ಣ ಬಾಟಲಿ. ಹ್ಯಾಂಡ್ ಸ್ಯಾನಿಟೈಸರ್ ಇದೆಯಲ್ಲ ಎಂದು ಅದನ್ನೇ ಹಚ್ಚಬೇಡಿ. ಅದರಲ್ಲಿ ಸಾಮಾನ್ಯವಾಗಿ ಗ್ಲಿಸರಿನ್ ಇರುತ್ತದೆ, ಅದೇ ಒಂದು ಪದರವಾಗಿ ಗಾಜಿನ ಮೇಲೆ ಉಳಿಯುತ್ತದೆ.

ಗಾಜಿನಿಂದ ಶುರು ಮಾಡಿ, ರಬ್ಬರಿನಿಂದಲ್ಲ. ಮೊದಲು ಬರೀ ನೀರು ಬಿಟ್ಟು ಧೂಳು ಇಳಿಸಿ. ಮೆಟ್ರೋ, ಕಟ್ಟಡ ಕೆಲಸ ನಡೆಯುವ ಕಡೆ ಬೀಳುವ ಸಿಮೆಂಟ್ ಧೂಳನ್ನು ಒಣಗಿದ್ದಾಗಲೇ ಒರೆಸಿದರೆ ಗಾಜು ಗೀಚುತ್ತದೆ. ನಂತರ ಸೋಪಿನ ನೀರು, ಮತ್ತೆ ಬರೀ ನೀರು. ಈಗ ಗಾಜಿನ ಮೇಲೆ ನೀರು ಹೇಗೆ ನಿಲ್ಲುತ್ತದೆ ನೋಡಿ. ಹಾಳೆಯಾಗಿ ಹರಡಿದರೆ ಗಾಜು ಸ್ವಚ್ಛ. ಹನಿಹನಿಯಾಗಿ ಉರುಳಿದರೆ ಪಾಲಿಶ್ ಇನ್ನೂ ಇದೆ. ಆಲ್ಕೋಹಾಲ್ ಹಚ್ಚಿದ ಬಟ್ಟೆಯಿಂದ ಒಂದೊಂದು ಅಡಿ ಜಾಗವನ್ನೇ ಹಿಡಿದು ಒರೆಸಿ, ಬಟ್ಟೆಯ ಮಗ್ಗುಲು ಬದಲಿಸುತ್ತಾ ಹೋಗಿ. ತೆಳು ಪ್ಲಾಸ್ಟಿಕ್ ಚೀಲದೊಳಗೆ ಕೈಹಾಕಿ ಬೆರಳ ತುದಿಯಿಂದ ಒದ್ದೆ ಗಾಜನ್ನು ಸವರಿದರೆ, ಬರಿಗೈಗೆ ಸಿಗದ ತರಿತರಿ ಚೆನ್ನಾಗಿ ಗೊತ್ತಾಗುತ್ತದೆ. ಆ ತರಿಗೆ ಕಾರ್ ಆಕ್ಸೆಸರಿ ಅಂಗಡಿಯ ಕ್ಲೇ ಬಾರ್, ಅಂದರೆ ಅಂಟಿದ ಕೊಳೆ ಎತ್ತುವ ಮೆತ್ತನೆಯ ಜೇಡಿಯಂಥ ತುಂಡು, ಇದೆ. ನೀರು ಹಾಕಿಯೇ ಉಜ್ಜಬೇಕು, ನೆಲಕ್ಕೆ ಬಿದ್ದ ಕ್ಲೇ ತುಂಡನ್ನು ಮತ್ತೆ ಬಳಸಬಾರದು.

ಪುಣೆಯ ಹೊರವಲಯದ ಎಷ್ಟೋ ಸೊಸೈಟಿಗಳಲ್ಲಿ ಕಾರು ತೊಳೆಯುವುದು ಟ್ಯಾಂಕರ್ ನೀರಿನಿಂದ ಅಥವಾ ಬೋರ್‌ವೆಲ್ ನೀರಿನಿಂದ. ಗಡಸು ನೀರು ಬಿಸಿಲಲ್ಲಿ ಒಣಗಿದರೆ ಬಿಳಿ ಚುಕ್ಕೆ ಕೂರುತ್ತದೆ, ಆ ಚುಕ್ಕೆಗಳೇ ರಬ್ಬರನ್ನು ಅರದ ಹಾಗೆ ಸವೆಸುತ್ತವೆ. ಬಿಳಿ ವಿನೆಗರ್ ಒಂದು ಪಾಲು, ನೀರು ಒಂದು ಪಾಲು ಬೆರೆಸಿ ಬಟ್ಟೆಗೆ ಹಾಕಿ, ನೆರಳಿನಲ್ಲಿ ಐದು ನಿಮಿಷ ಗಾಜಿನ ಮೇಲೆ ಹರಡಿ, ಆಮೇಲೆ ಧಾರಾಳ ನೀರಿನಿಂದ ತೊಳೆಯಿರಿ. ಬಾನೆಟ್ಟಿನ ಬಣ್ಣದ ಮೇಲೆ ಹರಿಯಲು ಬಿಡಬೇಡಿ. ಟೂತ್‌ಪೇಸ್ಟ್ ಹಚ್ಚುವ ಸಲಹೆ ಅಲ್ಲಲ್ಲಿ ಕೇಳಿಬರುತ್ತದೆ. ಅದರಲ್ಲಿ ಉಜ್ಜುವ ಪುಡಿ ಇರುವುದರಿಂದ ಗಾಜಿನ ಮೇಲೆ ಪ್ರಯೋಗ ಮಾಡದಿರುವುದು ಒಳ್ಳೆಯದು.

ಈಗ ರಬ್ಬರ್. ಕೆಲವು ಕಾರುಗಳಲ್ಲಿ ವೈಪರ್ ಆರ್ಮ್ ಬಾನೆಟ್ಟಿನ ಅಂಚಿನ ಕೆಳಗೆ ಅಡಗಿರುತ್ತದೆ, ಅದನ್ನು ಹಾಗೆಯೇ ಎತ್ತಿದರೆ ಬಾನೆಟ್ಟಿನ ಬಣ್ಣ ಕಿತ್ತುಬರುತ್ತದೆ. ಅಂಥ ಕಾರಿನಲ್ಲಿ ವೈಪರ್ ಗಾಜಿನ ನಡುವೆ ಬಂದಾಗ ಇಗ್ನಿಶನ್ ಬಂದ್ ಮಾಡಿ. ಆಮೇಲೆ ಎತ್ತಿ, ಸೋಪಿನ ನೀರಿನ ಬಟ್ಟೆಯನ್ನು ಎರಡು ಬೆರಳ ನಡುವೆ ಮಡಚಿ ಅಂಚಿನುದ್ದಕ್ಕೂ ಎಳೆಯಿರಿ. ಕೊನೆಗೆ ಆಲ್ಕೋಹಾಲಿನಿಂದ ಒಂದೆರಡು ಸಲ. ಬಟ್ಟೆಗೆ ಕಪ್ಪು ಬರುವುದು ಪೂರಾ ನಿಲ್ಲಲಿ ಎಂದು ಉಜ್ಜುತ್ತಲೇ ಇರಬೇಡಿ. ಹಲವು ರಬ್ಬರ್‌ಗಳ ಮೇಲೆ ಸುಲಭವಾಗಿ ಜಾರಲೆಂದು ಗ್ರ್ಯಾಫೈಟ್ ಲೇಪನ ಕೊಟ್ಟಿರುತ್ತಾರೆ. ಕೊಳೆ ಹೋದ ಮೇಲೂ ಉಜ್ಜಿದರೆ ಅದೇ ಕಿತ್ತುಬರುತ್ತದೆ, ಆಮೇಲೆ ಕಿರ್ ಸದ್ದು ಶುರು. ಪೆಟ್ರೋಲ್, ಸೀಮೆಎಣ್ಣೆ, ಥಿನ್ನರ್ ಖಂಡಿತ ಬೇಡ. ನೈಸರ್ಗಿಕ ರಬ್ಬರ್ ಅವನ್ನು ಹೀರಿ ಉಬ್ಬುತ್ತದೆ, ಅಂಚು ಅಲೆಅಲೆಯಾಗುತ್ತದೆ.

ತೊಳೆದ ಮೇಲೆ ಉಗುರಿನಿಂದ ಅಂಚನ್ನು ಒಂದು ಪಕ್ಕಕ್ಕೆ ಮಡಚಿ ಬಿಡಿ. ಥಟ್ಟನೆ ನೇರಕ್ಕೆ ಬಂದರೆ ರಬ್ಬರಿಗೆ ಇನ್ನೂ ಜೀವವಿದೆ. ನಿಧಾನಕ್ಕೆ ಬಂದರೆ, ಅರ್ಧಕ್ಕೇ ನಿಂತರೆ, ಮಡಚಿದ ಜಾಗದಲ್ಲಿ ಬಿರುಕು ಬಾಯಿಬಿಟ್ಟರೆ ತೊಳೆದದ್ದು ರಬ್ಬರಿಗಲ್ಲ, ಗಾಜಿಗೆ ಮಾತ್ರ ಉಪಯೋಗವಾಯಿತು. ಮುಂದಿನ ದಾರಿ ಹಿಡಿಯಿರಿ.

ಇನ್ನೊಂದು ಮಾತು, ಬೆಳಗ್ಗೆ ಸೊಸೈಟಿಯಲ್ಲಿ ಕಾರು ಒರೆಸಲು ಬರುವವರ ಬಗ್ಗೆ. ಅವರ ತಪ್ಪಿಲ್ಲ, ಹೇಳಿಕೊಟ್ಟವರಿಲ್ಲ. ಟೈರ್ ಪಾಲಿಶ್, ಡ್ಯಾಶ್‌ಬೋರ್ಡ್ ಪಾಲಿಶ್ ಹಚ್ಚಿದ ಬಟ್ಟೆಯೇ ಗಾಜಿನ ಮೇಲೂ ಓಡಿದರೆ ಅದರ ಸಿಲಿಕೋನ್ ಅಂಶ ಗಾಜಿಗೆ ಕೂತು, ಹೊಸ ಬ್ಲೇಡ್ ಕೂಡ ಜಿಗಿಯುತ್ತದೆ. ಗಾಜಿಗೆ ಬೇರೆ ಬಣ್ಣದ ಒಂದು ಬಟ್ಟೆ ನೀವೇ ಕೊಟ್ಟುಬಿಡಿ.

ಕತ್ತರಿಸುವುದು, ಉಜ್ಜುವುದು, ಎಣ್ಣೆ ಹಚ್ಚುವುದು

ಅಂಗೈಯಲ್ಲಿ ಹಿಡಿಯುವ ಪ್ಲಾಸ್ಟಿಕ್ ಟ್ರಿಮ್ಮರ್‌ಗಳು ಆನ್‌ಲೈನಿನಲ್ಲಿ ಸಿಗುತ್ತವೆ. ಒಳಗೆ ಸಣ್ಣ ಬ್ಲೇಡ್ ಇರುತ್ತದೆ. ರಬ್ಬರಿನುದ್ದಕ್ಕೂ ಎಳೆದರೆ ಅಂಚಿನಿಂದ ನೂಲಿನಂಥ ಎಳೆ ಕಿತ್ತು ಹೊಸ ಮೂಲೆ ಕಾಣಿಸುತ್ತದೆ. ಮೊದಲ ಒಂದೆರಡು ಮಳೆಗೆ ವ್ಯತ್ಯಾಸ ಗೊತ್ತಾಗುವುದೂ ನಿಜ. ತೊಂದರೆ ಆಮೇಲೆ. ಅಂಚು ಗಿಡ್ಡವಾದಷ್ಟೂ ಮಗುಚಲು ಬೇಕಾದ ಉದ್ದ ಕಡಿಮೆಯಾಗುತ್ತದೆ, ಗಡಗಡ ಹೆಚ್ಚುತ್ತದೆ. ಕೈ ಎಲ್ಲಾದರೂ ನಿಂತರೆ ಅಲ್ಲೊಂದು ಮೆಟ್ಟಿಲು ಉಳಿಯುತ್ತದೆ, ಆ ಮೆಟ್ಟಿಲು ಒಂದು ಕಾಯಂ ಗೆರೆ. ಲೇಪನ ಹೋಗಿರುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಕುತ್ತಿಗೆ ಹಳೆಯದೇ.

1000 ಅಥವಾ 2000 ನಂಬರಿನ ನುಣುಪು ಉಜ್ಜುಕಾಗದದಿಂದ, ಅಂದರೆ ವಾಟರ್ ಪೇಪರ್‌ನಿಂದ ಒದ್ದೆ ಮಾಡಿ ಉಜ್ಜುವುದೂ ಇದರ ತಮ್ಮನೇ. ಅಂಟಿದ ಗಟ್ಟಿ ಕೊಳೆ ಹೋಗುತ್ತದೆ. ಚೂಪು ಮೂಲೆ ದುಂಡಗಾಗುತ್ತದೆ. ಸಿಲಿಕೋನ್ ಸ್ಪ್ರೇ, ತೆಂಗಿನೆಣ್ಣೆ, ಹರಳೆಣ್ಣೆ, ಟೈರ್ ಪಾಲಿಶ್ ಹಚ್ಚಿದರೆ ರಬ್ಬರ್ ಕಪ್ಪಗೆ ಮಿರುಗುತ್ತದೆ, ಮೆತ್ತಗಾದಂತೆಯೂ ಅನ್ನಿಸುತ್ತದೆ. ಮಳೆ ಬಂದಾಗ ಆ ಎಣ್ಣೆಯನ್ನು ವೈಪರ್ ಗಾಜಿನ ತುಂಬಾ ಸವರುತ್ತದೆ. ರಾತ್ರಿ ಖಂಡಾಲಾ ಘಾಟಿಯಲ್ಲಿ ಎದುರಿನ ಟ್ರಕ್ಕಿನ ಲೈಟ್ ಬಿದ್ದಾಗ ಇಡೀ ಗಾಜು ಬೆಳ್ಳಗಾಗಿ ರಸ್ತೆಯೇ ಕಾಣದ ಸ್ಥಿತಿ. ಈ ಒಂದು ಕಾರಣಕ್ಕೆ ನಾವು ಇದನ್ನು ಕಟುವಾಗಿಯೇ ವಿರೋಧಿಸುತ್ತೇವೆ.

ಟ್ರಿಮ್ಮರ್‌ಗೆ ಒಂದೇ ಜಾಗ ಉಂಟು: ಹಿಂದಿನ ಗಾಜಿನ ವೈಪರ್. ಬಹಳಷ್ಟು ಹ್ಯಾಚ್‌ಬ್ಯಾಕ್‌ಗಳಲ್ಲಿ ಅದು ಪ್ಲಾಸ್ಟಿಕ್ಕಿನ ಬೇರೆಯೇ ಜಾತಿಯ ಬ್ಲೇಡ್, ಅದರ ರಬ್ಬರ್ ಸಿಗುವುದು ಕಷ್ಟ. ಅಲ್ಲಿ ಒಂದು ಸಲ ಕತ್ತರಿಸಿ ಒಂದು ಮಳೆಗಾಲ ದಾಟಿಸಬಹುದು.

ರಬ್ಬರ್ ಮಾತ್ರ ಬದಲಿಸುವುದು

ಲೋಹದ ಫ್ರೇಮಿನ ಹಳೇ ಮಾದರಿ ಬ್ಲೇಡಿನಲ್ಲಿ ರಬ್ಬರ್ ಒಂದು ಬಿಡಿ ಪಟ್ಟಿ. ಅದರ ಎರಡೂ ಪಕ್ಕದ ತೋಡಿನಲ್ಲಿ ಎರಡು ತೆಳು ಸ್ಟೀಲ್ ಪಟ್ಟಿ ಕೂತಿರುತ್ತವೆ, ಫ್ರೇಮಿನ ಸಣ್ಣ ಕೊಕ್ಕೆಗಳು ಅವನ್ನು ಹಿಡಿದಿರುತ್ತವೆ. ಹಾಳಾದದ್ದು ಆ ಪಟ್ಟಿ ಮಾತ್ರವಾಗಿದ್ದರೆ ಅದನ್ನು ಮಾತ್ರ ಬದಲಿಸುವುದೇ ನ್ಯಾಯ. ಮುಂಬೈಯಲ್ಲಿ ಕುರ್ಲಾದ ಸಿ.ಎಸ್.ಟಿ. ರಸ್ತೆ, ಪುಣೆಯಲ್ಲಿ ನಾನಾ ಪೇಟೆಯಂಥ ಬಿಡಿಭಾಗದ ಬಜಾರುಗಳಲ್ಲಿ ಕೇಳಿ; ಗೋವಾದವರು ಮಡಗಾಂವ್, ವಾಸ್ಕೋ, ಮಾಪ್ಸಾದ ಸ್ಪೇರ್ ಪಾರ್ಟ್ಸ್ ಅಂಗಡಿಗಳಲ್ಲಿ ವಿಚಾರಿಸಿ. ವೈಪರ್ ಎಂದರೆ ಅಂಗಡಿಯವರು ಇಡೀ ಬ್ಲೇಡನ್ನೇ ತೆಗೆದು ಇಡುತ್ತಾರೆ. ‘ಪೂರಾ ಬ್ಲೇಡ್ ನಹೀ, ಸಿರ್ಫ್ ರಬ್ಬರ್’ ಎಂದು ಸ್ಪಷ್ಟವಾಗಿ ಹೇಳಿ, ಹಳೇ ರಬ್ಬರಿನ ತುಂಡನ್ನು ಕೈಯಲ್ಲೇ ಹಿಡಿದು ಹೋಗಿ. ಟೊಯೋಟಾ, ಹೋಂಡಾದಂಥ ಜಪಾನಿ ಕಂಪನಿಗಳು ರಬ್ಬರಿಗೆ ಬೇರೆಯೇ ಪಾರ್ಟ್ ನಂಬರ್ ಇಟ್ಟು ಮಾರುವ ರೂಢಿಯೂ ಇದೆ. ಅಂಥ ಕಾರಿದ್ದವರು ಶೋರೂಮಿನ ಬಿಡಿಭಾಗದ ಕೌಂಟರಿನಲ್ಲಿ ಒಮ್ಮೆ ಕೇಳಬೇಕು.

ನೋಡಬೇಕಾದ ಅಳತೆ ಎರಡು. ಉದ್ದ: 16 ಇಂಚು ಅಂದರೆ 41 ಸೆಂ.ಮೀ., 18 ಅಂದರೆ 46, 20 ಅಂದರೆ 51, 22 ಅಂದರೆ 56, 24 ಅಂದರೆ 61. ಚಾಲಕನ ಕಡೆಯದೂ ಪಕ್ಕದ ಸೀಟಿನ ಕಡೆಯದೂ ಸಾಮಾನ್ಯವಾಗಿ ಬೇರೆಬೇರೆ, ಎರಡನ್ನೂ ಅಳೆಯಿರಿ. ಅಗಲ: ರಬ್ಬರಿನ ಮೇಲ್ಭಾಗದಲ್ಲಿ, ಕೊಕ್ಕೆ ಹಿಡಿಯುವ ಜಾಗದಲ್ಲಿ. ಹೆಚ್ಚು ಸಿಗುವುದು 6 ಮಿ.ಮೀ. ಮತ್ತು 8 ಮಿ.ಮೀ. ಹೆಚ್ಚಿನ ತಪ್ಪು ಆಗುವುದು ಅಗಲದಲ್ಲಿ. 8ರ ಜಾಗಕ್ಕೆ 6 ಹಾಕಿದರೆ ರಬ್ಬರ್ ಕೊಕ್ಕೆಯೊಳಗೆ ಅಲ್ಲಾಡಿ, ಜೋರು ಮಳೆಯಲ್ಲಿ ಜಾರಿ ಹೊರಬರುತ್ತದೆ. 6ರ ಜಾಗಕ್ಕೆ 8 ತೂರಿಸಲು ಕೊಕ್ಕೆ ಅಗಲಿಸಿದರೆ ಫ್ರೇಮ್ ಕೆಟ್ಟಿತು. ಉದ್ದ ಹೆಚ್ಚಿದ್ದರೆ ಕತ್ತರಿಸಬಹುದು, ಆ ಚಿಂತೆ ಬೇಡ.

ಕೊಳ್ಳುವಾಗ ಪ್ಯಾಕೆಟ್ಟಿನ ಮೇಲಿನ ತಿಂಗಳು, ವರ್ಷ ಓದಿ. ಕಪಾಟಿನಲ್ಲಿ ಕೂತ ರಬ್ಬರಿಗೂ ವಯಸ್ಸಾಗುತ್ತದೆ. ಎರಡು ವರ್ಷ ದಾಟಿದ್ದನ್ನು ನಾವು ಕೊಳ್ಳುವುದಿಲ್ಲ. ಪ್ಯಾಕೆಟ್ ಇಲ್ಲದೆ ಕಟ್ಟು ಕಟ್ಟಿ ನೇತುಹಾಕಿದ ರಬ್ಬರಾದರೆ ಮೇಲೆ ಹೇಳಿದ ಉಗುರಿನ ಪರೀಕ್ಷೆಯನ್ನು ಅಂಗಡಿಯಲ್ಲೇ ಮಾಡಿ.

ಹಾಕುವ ಕ್ರಮ ಹೀಗೆ. ಗಾಜಿನ ಮೇಲೆ ದಪ್ಪ ಟವೆಲ್ ಮಡಚಿ ಹಾಸಿ. ಇದು ಐಚ್ಛಿಕವಲ್ಲ. ಬ್ಲೇಡ್ ಇಲ್ಲದ ಆರ್ಮ್ ಕೈತಪ್ಪಿ ಗಾಜಿಗೆ ಬಡಿದರೆ ಗಾಜು ಒಡೆಯುತ್ತದೆ. ನೂರು ರೂಪಾಯಿ ಉಳಿಸಲು ಹೋಗಿ ಸಾವಿರಾರು ರೂಪಾಯಿಯ ಗಾಜು ಕಳೆದುಕೊಳ್ಳುವುದು ಇಲ್ಲೇ. ಆರ್ಮ್ ಎತ್ತಿ, ಬ್ಲೇಡನ್ನು ಅಡ್ಡ ತಿರುಗಿಸಿ, ಯು ಆಕಾರದ ಹುಕ್ಕಿನೊಳಗಿನ ಪ್ಲಾಸ್ಟಿಕ್ ಕ್ಲಿಪ್ ಒತ್ತಿ, ಬ್ಲೇಡನ್ನು ಆರ್ಮ್‌ನ ಬುಡದ ಕಡೆಗೆ ಜಾರಿಸಿದರೆ ಬಿಚ್ಚಿಕೊಳ್ಳುತ್ತದೆ. ಬಿಚ್ಚುವ ಮುಂಚೆ ಮೊಬೈಲಿನಲ್ಲಿ ಫೋಟೊ ತೆಗೆದಿಡಿ. ಆರ್ಮನ್ನು ಟವೆಲಿನ ಮೇಲೆ ಮೆಲ್ಲಗೆ ಮಲಗಿಸಿ.

ರಬ್ಬರಿನ ಒಂದು ತುದಿಯಲ್ಲಿ ಎರಡು ಪಕ್ಕಕ್ಕೂ ಸಣ್ಣ ಕಚ್ಚು ಇರುತ್ತದೆ, ಕೊನೆಯ ಕೊಕ್ಕೆ ಅದರಲ್ಲಿ ಸಿಕ್ಕಿಕೊಂಡಿರುತ್ತದೆ. ಆ ತುದಿಯನ್ನು ನೋಸ್ ಪ್ಲೈಯರ್‌ನಿಂದ ಹಿಡಿದು ಹೊರಕ್ಕೆ ಎಳೆದರೆ ಕಚ್ಚು ಬಿಡುತ್ತದೆ, ಇಡೀ ಪಟ್ಟಿ ಜಾರಿ ಬರುತ್ತದೆ. ಸ್ಟೀಲ್ ಪಟ್ಟಿಗಳನ್ನು ತೆಗೆಯುವಾಗ ಅವುಗಳ ಬಾಗು ಯಾವ ಕಡೆಗಿದೆ, ಕಚ್ಚು ಯಾವ ಕಡೆ ನೋಡುತ್ತಿದೆ ಎಂದು ಗುರುತು ಹಾಕಿಕೊಳ್ಳಿ. ಸಾಮಾನ್ಯವಾಗಿ ಕಚ್ಚುಗಳು ಒಳಮುಖವಾಗಿ, ರಬ್ಬರಿನ ಉಬ್ಬಿಗೆ ಸಿಕ್ಕಿಕೊಳ್ಳುವಂತೆ ಇರುತ್ತವೆ. ಹೊಸ ರಬ್ಬರಿನ ಜೊತೆ ಪಟ್ಟಿ ಬಂದಿದ್ದರೆ ಅದನ್ನೇ ಹಾಕಿ; ಇಲ್ಲದಿದ್ದರೆ ಹಳೆಯವನ್ನು ತೊಳೆದು, ನೇರವಾಗಿ ಹಿಡಿದು ಕಣ್ಣಳತೆಯಲ್ಲಿ ನೋಡಿ. ಪಕ್ಕಕ್ಕೆ ಸೊಟ್ಟಗಾಗಿದ್ದರೆ ಬಳಸಬೇಡಿ.

ಹೊಸ ರಬ್ಬರನ್ನು ಕಚ್ಚಿಲ್ಲದ ತುದಿಯಿಂದ ತೂರಿಸಿ ಒಂದೊಂದೇ ಕೊಕ್ಕೆ ದಾಟಿಸುತ್ತಾ ಹೋಗಿ. ಒಂದು ಹನಿ ಸೋಪಿನ ನೀರು ಸವರಿದರೆ ಸುಲಭ. ಪ್ರತಿ ಕೊಕ್ಕೆಯೂ ಸ್ಟೀಲ್ ಪಟ್ಟಿಯ ಜೊತೆ ರಬ್ಬರನ್ನು ಎರಡೂ ಕಡೆಯಿಂದ ಹಿಡಿದಿದೆಯೇ ಎಂದು ಬೆರಳಾಡಿಸಿ ನೋಡಿ. ಒಂದು ಕೊಕ್ಕೆ ತಪ್ಪಿದರೂ ಅಲ್ಲಿ ಲೋಹ ನೇರ ಗಾಜಿಗೆ ತಾಗುತ್ತದೆ, ನಾಲ್ಕೇ ಸುತ್ತಿನಲ್ಲಿ ಅರ್ಧಚಂದ್ರಾಕಾರದ ಗೀರು ಬೀಳುತ್ತದೆ, ಉಗುರಿಗೆ ಸಿಗುವಷ್ಟು ಆಳದ ಗೀರನ್ನು ಪಾಲಿಶ್ ಮಾಡಿದರೆ ಆ ಜಾಗದಲ್ಲಿ ನೋಟವೇ ಅಲುಗಿದಂತೆ ಕಾಣುತ್ತದೆ. ಕೊನೆಯ ಕೊಕ್ಕೆ ಕಚ್ಚಿನಲ್ಲಿ ಕೂತಾಗ ಸಣ್ಣ ಸದ್ದು ಬರುತ್ತದೆ, ಎಳೆದು ಪರೀಕ್ಷಿಸಿ. ಕಚ್ಚಿನ ತುದಿ ಮೊದಲು ಯಾವ ಕಡೆಗಿತ್ತೋ, ಹೆಚ್ಚಾಗಿ ಆರ್ಮ್‌ನ ಬುಡದ ಕಡೆಗೆ, ಅದೇ ಕಡೆಗೆ ಬರಲಿ. ಇನ್ನೊಂದು ತುದಿಯಲ್ಲಿ ಕೊಕ್ಕೆಯಿಂದಾಚೆ ಸುಮಾರು 5 ಮಿ.ಮೀ. ಬಿಟ್ಟು ಹೆಚ್ಚಿನ ರಬ್ಬರನ್ನು ಚೂಪಾದ ಬ್ಲೇಡಿನಿಂದ ಒಂದೇ ಏಟಿಗೆ ಕತ್ತರಿಸಿ. ಸ್ಟೀಲ್ ಪಟ್ಟಿ ರಬ್ಬರಿನಿಂದ ಹೊರಗೆ ಇಣುಕಬಾರದು.

ಫ್ರೇಮ್ ಇಲ್ಲದ ಚಪ್ಪಟೆ ಬ್ಲೇಡಿಗೂ ಇದೇ ಸಾಧ್ಯವೇ? ಕೆಲವಕ್ಕೆ ಸಾಧ್ಯ. ತುದಿಯ ಪ್ಲಾಸ್ಟಿಕ್ ಮುಚ್ಚಳ ಬಿಚ್ಚುವಂತಿದ್ದರೆ, ರಬ್ಬರ್ ತೋಡಿನಲ್ಲಿ ಜಾರುವಂತಿದ್ದರೆ ಬದಲಿಸಬಹುದು. ಆದರೆ ಮೂರು ಬೇಸಿಗೆ ಕಂಡ ಮುಚ್ಚಳ ಬಿಚ್ಚುವಾಗಲೇ ಚೂರಾಗುತ್ತದೆ. ರಬ್ಬರನ್ನು ಅಂಟಿಸಿಯೇ ಮಾಡಿದ ಬ್ಲೇಡಾದರೆ ಪ್ರಯತ್ನವೇ ಬೇಡ.

ಹೊಸ ಬ್ಲೇಡ್

ಫ್ರೇಮಿನ ಕೀಲುಗಳನ್ನು ಅಲ್ಲಾಡಿಸಿ ನೋಡಿ. ಗಡಗಡ ಅಂದರೆ, ಅಥವಾ ತುಕ್ಕಿನಿಂದ ಬಿಗಿಹಿಡಿದು ಗಾಜಿನ ಬಾಗಿಗೆ ತಕ್ಕಂತೆ ಬಳುಕದಿದ್ದರೆ ಅದಕ್ಕೆ ಹೊಸ ರಬ್ಬರ್ ಹಾಕುವುದು ದಂಡ. ಸಾಧಾರಣ ಫ್ರೇಮಿನ ಬ್ಲೇಡ್ ಒಂದಕ್ಕೆ ಇನ್ನೂರು-ಮುನ್ನೂರು ರೂಪಾಯಿ ಆಸುಪಾಸು, ಒಳ್ಳೆಯ ಚಪ್ಪಟೆ ಬ್ಲೇಡಿಗೆ ಅದರ ದುಪ್ಪಟ್ಟಾದರೂ ಆಗಬಹುದು, ರಬ್ಬರ್ ಮಾತ್ರವಾದರೆ ನೂರರ ಸುತ್ತಮುತ್ತ. ಊರಿಗೂ ಅಂಗಡಿಗೂ ದರ ಬೇರೆಯಾದರೂ ಪ್ರಮಾಣ ಹೆಚ್ಚುಕಡಿಮೆ ಇದೇ.

ಚಪ್ಪಟೆ ಬ್ಲೇಡಿನ ಲಾಭ ಎರಡು. ಒಳಗಿನ ಸ್ಟೀಲ್ ಪಟ್ಟಿ ಉದ್ದಕ್ಕೂ ಒಂದೇ ಸಮ ಒತ್ತುತ್ತದೆ, ಎಕ್ಸ್‌ಪ್ರೆಸ್‌ವೇ ವೇಗದಲ್ಲಿ ಗಾಳಿ ಅದನ್ನು ಗಾಜಿನಿಂದ ಎತ್ತುವುದು ಕಡಿಮೆ. ಆದರೆ ಆ ಪಟ್ಟಿಯ ಬಾಗು ನಿಮ್ಮ ಗಾಜಿನ ಬಾಗಿಗೆ ಹೊಂದಬೇಕು. ಹೊಂದದಿದ್ದರೆ ಎರಡೂ ತುದಿ ಒರೆಸಿ ನಡುವೆ ಪಟ್ಟಿ ಬಿಡುತ್ತದೆ, ಅಥವಾ ನಡುವೆ ಒರೆಸಿ ತುದಿ ಎದ್ದಿರುತ್ತದೆ. ಹಾಕಿದ ಕೂಡಲೇ ಅಂಗಡಿಯ ಮುಂದೆಯೇ ನೀರು ಹಾಕಿ ಓಡಿಸಿ ನೋಡುವುದು ಇದಕ್ಕೇ. ಬ್ಲೇಡಿನ ಜೊತೆ ಬರುವ ಅಡಾಪ್ಟರ್‌ಗಳಲ್ಲಿ ನಿಮ್ಮ ಆರ್ಮಿಗೆ ಸರಿಯಾದದ್ದು ಇದೆಯೇ ಎಂದೂ ಅಲ್ಲೇ ಖಚಿತವಾಗುತ್ತದೆ. ಒಂದು ಇಂಚು ಉದ್ದದ್ದು ಹಾಕಿದರೆ ಹೆಚ್ಚು ಜಾಗ ಒರೆಸುತ್ತದೆಂಬ ಆಸೆ ಬೇಡ. ಎರಡು ಬ್ಲೇಡ್ ಒಂದಕ್ಕೊಂದು ಬಡಿಯುತ್ತವೆ, ಇಲ್ಲವೇ ಗಾಜಿನ ಅಂಚಿನ ಕಂಬಕ್ಕೆ ತಾಗುತ್ತವೆ. ಸಿಲಿಕೋನ್ ಬ್ಲೇಡ್ ಬಿಸಿಲನ್ನು ಚೆನ್ನಾಗಿ ತಡೆಯುತ್ತದೆ, ಬೆಲೆಯೂ ಹೆಚ್ಚು. ಗಾಜು ಪೂರ್ತಿ ಸ್ವಚ್ಛವಿಲ್ಲದಿದ್ದರೆ ಮೊದಲ ದಿನಗಳಲ್ಲಿ ಜಿಗಿಯುತ್ತದೆ.

ಯಾರಿಗೆ ಯಾವುದು

ಗೋವಾದ ಕಡಲ ಬದಿಯಲ್ಲಿ, ಅದರಲ್ಲೂ ಉಪ್ಪುಗಾಳಿಗೆ ಬಂದರಿನ ಕಲ್ಲಿದ್ದಲ ಧೂಳೂ ಸೇರುವ ವಾಸ್ಕೋದಲ್ಲಿ, ಲೋಹದ ಫ್ರೇಮ್ ರಬ್ಬರಿಗಿಂತ ಮೊದಲು ಸಾಯಬಹುದು. ಅಲ್ಲಿ ಕೀಲೇ ಇಲ್ಲದ ಚಪ್ಪಟೆ ಬ್ಲೇಡ್ ವಾಸಿ. ಧೂಳನ್ನು ವೈಪರಿನಿಂದ ಒರೆಸದೆ ಮೊದಲು ನೀರು ಹಾಕುವ ಅಭ್ಯಾಸ ಅದಕ್ಕಿಂತ ವಾಸಿ. ಪುಣೆಯಲ್ಲಿ ಮಳೆ ಮುಂಬೈಯಷ್ಟಿಲ್ಲ, ಬಿಸಿಲು ಮತ್ತು ಗಡಸು ನೀರಿನದೇ ಹೆಚ್ಚು ಕಾಟ. ಗಾಜು ತೊಳೆದು, ಫ್ರೇಮ್ ಇದ್ದರೆ ರಬ್ಬರ್ ಬದಲಿಸಿದರೆ ಸಾಕು. ಮುಂಬೈಯಲ್ಲಿ ಮಳೆಗಾಲದಲ್ಲಿ ದಿನವಿಡೀ ಟ್ಯಾಕ್ಸಿ ಓಡಿಸುವವರು ಮೇ ಕೊನೆಗೆ ಒಂದು ಜೊತೆ ರಬ್ಬರ್ ಹಾಕಿಸಿ, ಇನ್ನೊಂದು ಜೊತೆಯನ್ನು ಕಾಗದದಲ್ಲಿ ಸುತ್ತಿ, ಮಡಚದೆ ಉದ್ದಕ್ಕೆ ಡಿಕ್ಕಿಯಲ್ಲಿ ಇಟ್ಟುಕೊಳ್ಳಬೇಕು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 101ನೆಯದು ಕೆಲಸ ಮಾಡುವ ವೈಪರನ್ನು ಕಡ್ಡಾಯ ಮಾಡಿದೆ; ಫಿಟ್‌ನೆಸ್ ಮಾಡಿಸುವಾಗಲೂ ಇದು ಬೇಕಾಗುತ್ತದೆ.

ಚೌತಿಗೆ ಊರಿಗೆ ಹೊರಟವರ ಲೆಕ್ಕ ಬೇರೆ. ಮುಂಬೈಯಿಂದ ಕಶೇಡಿ, ಪರಶುರಾಮ ಘಾಟಿ ಇಳಿದು ಉಡುಪಿಯ ಕಡೆಗೆ, ಅಥವಾ ಗೋವಾದಿಂದ ಚೋರ್ಲಾ ಹತ್ತಿ ಬೆಳಗಾವಿಗೆ ಹೋಗುವಾಗ ಮಳೆ, ಮಂಜು, ಟ್ರಕ್ಕಿನ ಕೆಸರು ಮೂರೂ ಒಟ್ಟಿಗೆ ಗಾಜಿಗೆ ಬೀಳುತ್ತವೆ. ಉಗುರಿನ ಪರೀಕ್ಷೆಯಲ್ಲಿ ಚೂರು ಅನುಮಾನ ಬಂದರೂ ಎರಡೂ ಕಡೆ ಹೊಸ ರಬ್ಬರ್ ಅಥವಾ ಹೊಸ ಬ್ಲೇಡ್ ಹಾಕಿಸಿ, ಹೊರಡುವುದಕ್ಕೆ ಎರಡು ದಿನ ಮೊದಲೇ. ವಾಷರ್ ಟ್ಯಾಂಕಿಗೆ ಗಡಸು ನೀರು ಬೇಡ, ನಾಝಲ್ ಕಟ್ಟುತ್ತದೆ. ಕಟ್ಟಿದ್ದರೆ ತೆಳು ಸೂಜಿಯಿಂದ ಬಿಡಿಸಿ, ನೀರು ಗಾಜಿನ ಮೇಲ್ಭಾಗಕ್ಕೆ ಬೀಳುವಂತೆ ತಿರುಗಿಸಿ.

ದಾರಿಯಲ್ಲೇ ಚಾಲಕನ ಕಡೆಯ ರಬ್ಬರ್ ಹರಿದು ನೇತಾಡಿದರೆ ತಕ್ಷಣ ವೈಪರ್ ನಿಲ್ಲಿಸಿ, ಅಗಲವಾದ ಜಾಗದಲ್ಲಿ ಗಾಡಿ ಬದಿಗೆ ಹಾಕಿ. ಎರಡೂ ಆರ್ಮ್‌ಗಳ ಹುಕ್ ಒಂದೇ ಬಗೆಯದಾಗಿದ್ದರೆ ಪಕ್ಕದ ಸೀಟಿನ ಕಡೆಯ ಬ್ಲೇಡನ್ನು ಬಿಚ್ಚಿ ಚಾಲಕನ ಕಡೆಗೆ ಹಾಕಬಹುದು. ಗಿಡ್ಡವಾದರೂ ಎದುರು ಕಾಣುವಷ್ಟು ಒರೆಸುತ್ತದೆ. ಬರಿದಾದ ಆರ್ಮ್‌ನ ತುದಿಗೆ ಕೈವಸ್ತ್ರವನ್ನೋ ಹಳೇ ಬಟ್ಟೆಯನ್ನೋ ನಾಲ್ಕು ಸುತ್ತು ಸುತ್ತಿ ದಾರದಿಂದ ಬಿಗಿಯಾಗಿ ಕಟ್ಟಿ. ಎರಡೂ ಆರ್ಮ್ ಒಂದೇ ಮೋಟಾರಿಗೆ ಜೋಡಿಸಿರುವುದರಿಂದ ಅದೂ ಗಾಜಿನ ಮೇಲೆ ಓಡಾಡುತ್ತಲೇ ಇರುತ್ತದೆ. ನಿಧಾನದ ವೇಗದಲ್ಲಿಟ್ಟು ಹತ್ತಿರದ ಸ್ಪೇರ್ ಪಾರ್ಟ್ಸ್ ಅಂಗಡಿವರೆಗೆ ಹೋಗಿ. ನಡುವೆ ಒಂದೆರಡು ಸಲ ನಿಂತು ಕಟ್ಟು ಸಡಿಲವಾಗಿದೆಯೇ ನೋಡಿಕೊಳ್ಳಿ.